ಹಂಪಮ್ಮನ ನಾಲಿಗೆಯ ಮೇಲೆ ಮಲಗಿದ್ದ ಹೆಸರು

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ತರಗತಿ ಮುಗಿಸಿ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದಲ್ಲೆಲ್ಲ ಎರಡೆರಡು ಸಲ ನೋಡಿ ಬರೆದಿದ್ದೇನೆ. ಆದರೂ ತಪ್ಪು ಉಳಿದಿರಬಹುದು, ಮಾತು ಅಲ್ಲಲ್ಲಿ ಒರಟಾಗಿರಬಹುದು. ಸಂಘದ ಸಂಚಿಕೆಗೆ ನಿಮ್ಮ ಓಣಿಯವರೊಬ್ಬರ ಬಗ್ಗೆ ಬರೆದು ಕಳಿಸಿ ಎಂದು ಕೇಳಿದ್ದೀರಿ. ನಾನು ಹಂಪಮ್ಮನ ಬಗ್ಗೆ ಬರೆದಿದ್ದೇನೆ. ನನ್ನ ತಾಯಿಗಿಂತ ದೊಡ್ಡವಳಾದರೂ 'ಅವಳು' ಎಂದು ಬರೆದಿರುವುದು ಅವಳ ಒಪ್ಪಿಗೆಯ ಮೇಲೆಯೇ. ಮೊದಲ ಪುಟವನ್ನು 'ಅವರು' ಎಂದು ಬರೆದು ಓದಿದಾಗ, ಇದು ಯಾರೋ ದೊಡ್ಡ ಮಂದಿಯ ಕಥೆ, ನನ್ನದಲ್ಲ ಎಂದು ನಕ್ಕಿದ್ದಳು. ನಾನು ಕಣ್ಣಾರೆ ಕಾಣದ್ದನ್ನು ಅವಳ ಬಾಯಿಂದ ಕೇಳಿ ಬರೆದಿದ್ದೇನೆ.

ಹೈದರಾಬಾದಿನ ಕೊಂಡಾಪುರದಲ್ಲಿ ಗಾಜಿನ ಆಫೀಸುಗಳ ಸಾಲು ಮುಗಿದ ಮೇಲೆ ಇಳಿಜಾರಿನ ಒಂದು ಓಣಿ ಬರುತ್ತದೆ. ಅಲ್ಲಿರುವುದು ತಗಡಿನ ಮನೆಗಳು. ಮನೆಯವರೆಲ್ಲ ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಕೊನೆಯ ಮನೆ ಹಂಪಮ್ಮನದು. ಗಂಡ ಸೂಗಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಮಾತು ಕಡಿಮೆ, ಚಹಾ ಜಾಸ್ತಿ. ಹಂಪಮ್ಮ ಬೆಳಗಿನ ಜಾವ ಎದ್ದು ಜೋಳದ ರೊಟ್ಟಿ ಬಡಿದು ಪಕ್ಕದ ಅಪಾರ್ಟ್‌ಮೆಂಟಿನ ಆರು ಮನೆಗಳಿಗೆ ಕೊಟ್ಟು, ಅಲ್ಲಿಂದ ಸೈಟಿಗೆ ಹೋಗಿ ಹೊಸ ಗೋಡೆಗೆ, ಹೊಸ ಸ್ಲ್ಯಾಬಿಗೆ ದಿನವಿಡೀ ನೀರು ಹೊಡೆಯುತ್ತಾಳೆ. ಆದರೆ ಅವಳು ಹೆಸರುವಾಸಿಯಾದದ್ದು ರೊಟ್ಟಿಯಿಂದಲೂ ಅಲ್ಲ, ನೀರಿನಿಂದಲೂ ಅಲ್ಲ. ಒಡಪಿನಿಂದ.

ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ಮದುವೆಯಾಗಿ ಮನೆ ತುಂಬುವ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಕೂಡಿಸಿದ ಎರಡು ಸಾಲಿನಲ್ಲಿ ಗಂಡನ ಹೆಸರನ್ನು ಪೋಣಿಸಿ ಹೇಳಿದರೆ ಮಾತ್ರ ಒಳಗೆ ಬಿಡುವುದು. ಅದೇ ಒಡಪು. ಬಸುರಿಗೆ ಮಾಡುವ ಕುಬಸದಲ್ಲಿ, ಮಗುವಿನ ತೊಟ್ಟಿಲ ಶಾಸ್ತ್ರದಲ್ಲಿ ಕೂಡ ಹೇಳಿಸುತ್ತಾರೆ. ಹೆಚ್ಚಿನವರು ಅಜ್ಜಿಯರಿಂದ ಬಂದ ಹಳೆಯ ಒಡಪಿನಲ್ಲಿ ಹೆಸರೊಂದನ್ನು ಬದಲಿಸಿ ಹೇಳಿ ಮುಗಿಸುತ್ತಾರೆ. ಹಂಪಮ್ಮ ಹಾಗಲ್ಲ, ಕೇಳಿದವರಿಗೆ ಹೊಸದನ್ನೇ ಕಟ್ಟಿಕೊಡುತ್ತಾಳೆ. ಹೇಳುವವಳು ಯಾರೋ, ಒಡಪು ಅವಳದೇ ಆಗಿರಬೇಕು.

ಅದಕ್ಕಾಗಿ ಅವಳು ಎರಡು ಪ್ರಶ್ನೆ ಕೇಳುತ್ತಾಳೆ. ಮೊದಲನೆಯದು ಗಂಡನ ಹೆಸರು. ಎರಡನೆಯದು, ನೀನು ಬೇಕೆಂದುಕೊಂಡು ಆಗದೇ ಉಳಿದದ್ದು ಯಾವುದು ಎಂಬುದು. ಎರಡನೆಯ ಪ್ರಶ್ನೆ ಕೇಳಿ ಹುಡುಗಿಯರು ತಬ್ಬಿಬ್ಬಾಗುತ್ತಾರೆ. ಮದುವೆ ಮನೆಯಲ್ಲಿ ಅಂಥ ಪ್ರಶ್ನೆ ಯಾರು ಕೇಳುತ್ತಾರೆ? ಕೆಲವರು ನಗುತ್ತಾರೆ, ಒಬ್ಬಿಬ್ಬರು ಕಣ್ಣೊರೆಸಿಕೊಂಡದ್ದೂ ಉಂಟು. ಉತ್ತರ ಬಂದ ಮೇಲೆ ಹಂಪಮ್ಮ ಅದನ್ನು ಯಾವುದಕ್ಕೆ ಹೋಲಿಸಬೇಕೆಂದು ಹುಡುಕುತ್ತಾಳೆ. ಅಲ್ಲಿ ಅವಳು ಭಾರಿ ಕಟ್ಟುನಿಟ್ಟು. ಬಾಡಿದ ಹೂವು, ಎಣ್ಣೆ ತೀರಿದ ದೀಪ, ಪಂಜರದ ಗಿಳಿ ಇವೆಲ್ಲ ಅವಳ ಹತ್ತಿರ ನಡೆಯುವುದಿಲ್ಲ. ಒಬ್ಬಳು ಗಿಳಿ ಬೇಕೇ ಬೇಕೆಂದು ಹಟ ಹಿಡಿದಾಗ ಹಂಪಮ್ಮ ಕೇಳಿದ್ದು ಇಷ್ಟೇ: "ನಿಮ್ಮ ಮನ್ಯಾಗ ಗಿಣಿ ಐತೇನು? ಇಲ್ಲಲ್ಲ. ಕೈಲೆ ಮುಟ್ಟಿದ್ದು ಏನೈತಿ ಅದನ್ನ ಹೇಳು."

ಸೆಂಟ್ರಿಂಗ್ ಕೆಲಸ ಮಾಡುವ ಹುಲಗೇಶನ ಹೆಂಡತಿಯಾಗಿ ಬಂದ ಹುಡುಗಿಗೆ ಹತ್ತನೇ ತರಗತಿ ಪಾಸಾಗಬೇಕೆಂಬ ಆಸೆ ಇತ್ತು. ಗಣಿತ ಒಂದರಲ್ಲಿ ನಪಾಸಾಗಿ ಮನೆಯಲ್ಲಿ ಕೂತುಬಿಟ್ಟಿದ್ದಳು. ತಂದೆ, ಅಣ್ಣ ಎಲ್ಲರೂ ಗೌಂಡಿಗಳು. ಹುಟ್ಟಿದಾಗಿನಿಂದ ಅವಳು ನೋಡಿದ್ದು ಸಿಮೆಂಟು. ಬಾಗಿಲಲ್ಲಿ ನಿಂತು ಅವಳು ಹೇಳಿದ ಒಡಪು ನಮ್ಮ ಓಣಿಯಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿದೆ:

ಹತ್ತನೇತ್ತ ಓದೋ ಆಸೆ ಚೀಲದ ಸಿಮೆಂಟಿನಂಗ ಕುಂತೈತಿ,
ಹುಲಗೇಶಪ್ಪ ನೀರ ಹಾಕಿದರ ನಾಳೆ ಗ್ವಾಡಿ ಆಕೈತಿ.

ಸಿಮೆಂಟನ್ನು ಚೀಲದಲ್ಲೇ ಬಿಟ್ಟರೆ ಮಳೆಗಾಲದ ತಂಪಿಗೆ ಗಟ್ಟಿಯಾಗಿ ಕಲ್ಲಾಗುತ್ತದೆ, ಆಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ. ಅಲ್ಲಿ ಸೇರಿದ್ದ ಪ್ರತಿಯೊಬ್ಬರಿಗೂ ಅದು ಗೊತ್ತು. ಎಲ್ಲರೂ ನಕ್ಕರು, ಹುಲಗೇಶನೂ ನಕ್ಕ, ನಗುತ್ತಲೇ "ಹಾಕ್ತೀನಿ" ಎಂದ. ಅರವತ್ತು ಮಂದಿಯ ಎದುರು ಹಾಗೆಂದ ಮೇಲೆ ಹಿಂದೆ ಸರಿಯುವುದು ಹೇಗೆ? ಮರುವರ್ಷ ಹುಡುಗಿ ಪರೀಕ್ಷೆಗೆ ಕೂತಳು. ಗಣಿತದಲ್ಲಿ ಮೂವತ್ತೈದು ಬಂತು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಇದೇ ಹಂಪಮ್ಮನ ಗುಟ್ಟು. ಅದನ್ನು ಅವಳು ಮುಚ್ಚಿಟ್ಟಿಲ್ಲ, ಕೇಳಿದವರಿಗೆಲ್ಲ ಹೇಳುತ್ತಾಳೆ: "ಸೀದಾ ಕೇಳಿದರ ಜಗಳ ಆಕೈತಿ. ಹೋಲಿಸಿ ಕೇಳಿದರ ನಗಿ ಬರತೈತಿ. ನಕ್ಕೋತ ಹೂಂ ಅಂದ ಮಾತು ತಿರುಗಿ ತೊಗೊಳಾಕ ಬರಂಗಿಲ್ಲ ನೋಡು."

ಇಷ್ಟು ಜನರ ಬಾಯಲ್ಲಿ ಗಂಡಂದಿರ ಹೆಸರು ಆಡಿಸಿದ ಹಂಪಮ್ಮ ತನ್ನ ಗಂಡನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ಇಪ್ಪತ್ತೇಳು ವರ್ಷ ಸೂಗಪ್ಪ ಅವಳಿಗೆ "ಕೇಳಿಸ್ತೇನ್ರಿ" ಆಗಿದ್ದ, ಪರರ ಮುಂದೆ "ನಮ್ಮನಿಯವರು" ಆಗಿದ್ದ. ಓಣಿಯಲ್ಲಿ ಇನ್ನೊಬ್ಬ ಸೂಗಪ್ಪನಿದ್ದಾನೆ. ಪಾಪ, ಅವನಿಗೂ ಹೆಸರಿಲ್ಲ. ಅವನು "ಇವರ ಹೆಸರಿನಾಂವ".

ಇದು ನಾಚಿಕೆಯ ಮಾತಲ್ಲ. ಗಂಡನ ಹೆಸರು ಮೊದಲ ಸಲ ಹೊರಬೀಳಬೇಕಾದದ್ದು ಒಡಪಿನಲ್ಲಿ, ಹೊಸ್ತಿಲ ಮೇಲೆ, ಯಾರಾದರೂ ಅಡ್ಡ ನಿಂತು ಕೇಳಿದಾಗ. ಹಂಪಮ್ಮನನ್ನು ಯಾರೂ ಕೇಳಲೇ ಇಲ್ಲ. ಅವಳ ಮದುವೆ ಆದದ್ದು ಇದೇ ಹೈದರಾಬಾದಿನ ಒಂದು ಸೈಟಿನ ಪಕ್ಕದ ಹನುಮಪ್ಪನ ಗುಡಿಯಲ್ಲಿ, ಬೆಳಗಿನ ಆರು ಗಂಟೆಗೆ. ಅಂದೇ ಸ್ಲ್ಯಾಬು ಹಾಕುವ ದಿನ. ಸ್ಲ್ಯಾಬು ಶುರುವಾದರೆ ನಡುವೆ ನಿಲ್ಲಿಸುವಂತಿಲ್ಲ. ಅಕ್ಷತೆ ಹಾಕಿದ ಹೆಂಗಸರೆಲ್ಲ ಅದೇ ಕೈಯಿಂದ ಬುಟ್ಟಿ ಎತ್ತಿಕೊಂಡು ಓಡಿದರು. ಮದುಮಗಳು ತಾನೇ ಕಟ್ಟಿಕೊಂಡಿದ್ದ ಒಡಪನ್ನು ಬಾಯಲ್ಲಿ ಗುನುಗುತ್ತ ಶೆಡ್ಡಿಗೆ ಬಂದಳು. ಅಲ್ಲಿ ಅಡ್ಡ ನಿಲ್ಲುವವರಿರಲಿಲ್ಲ. ಅಡ್ಡ ನಿಲ್ಲಲು ಬಾಗಿಲೂ ಇರಲಿಲ್ಲ. ನೀಲಿ ಪ್ಲಾಸ್ಟಿಕ್ ತಾಡಪತ್ರಿಯ ಒಂದು ಪರದೆ ಇತ್ತು, ಅದನ್ನು ಗಾಳಿಯೇ ಸರಿಸಿ ಕೊಟ್ಟಿತು. ಮುಂದೆ ಸೈಟಿನಿಂದ ಸೈಟಿಗೆ ಅಲೆಯುವುದರಲ್ಲಿ ಕುಬಸ, ತೊಟ್ಟಿಲು ಯಾವುದೂ ಅವಳಿಗೆ ಆಗಲಿಲ್ಲ. ಬಳಸದೇ ಉಳಿದ ಆ ಒಡಪನ್ನು ಮರುತಿಂಗಳು ಇನ್ನೊಬ್ಬ ಮದುಮಗಳಿಗೆ ಹೆಸರು ಬದಲಿಸಿ ಕೊಟ್ಟುಬಿಟ್ಟಳು. ಅವಳ ಕಸುಬು ಶುರುವಾದದ್ದು ಹಾಗೆ.

ಇದನ್ನು ಹೇಳುವಾಗ ಹಂಪಮ್ಮ ನಗುತ್ತಲೇ ಹೇಳುತ್ತಾಳೆ. ಆದರೆ ಐದು ವರ್ಷದ ಹಿಂದೆ ಇದರಿಂದ ಒಂದು ಫಜೀತಿಯಾಯಿತು. ಕಟ್ಟಡ ಕಾರ್ಮಿಕರ ಕಾರ್ಡು ಮಾಡಿಕೊಡುವವರು ಸೈಟಿಗೇ ಬಂದು ಮೇಜು ಹಾಕಿ ಕೂತಿದ್ದರು. ಬರೆದುಕೊಳ್ಳುವವನು ತೆಲುಗಿನಲ್ಲಿ ಗಂಡನ ಹೆಸರು ಕೇಳಿದ. ಹಂಪಮ್ಮ ತಿರುಗಿ ನೋಡದೆ ಹೆಬ್ಬೆರಳಿನಿಂದ ಹಿಂದಕ್ಕೆ ತೋರಿಸಿದಳು. ಹಿಂದೆ ನಿಂತಿದ್ದ ಸೂಗಪ್ಪ ಆಗಷ್ಟೇ ನೀರು ಕುಡಿಯಲು ಹೋಗಿದ್ದ. ಅವನ ಜಾಗದಲ್ಲಿ ಮೇಸ್ತ್ರಿ ಪರಮೇಶಪ್ಪ ನಿಂತಿದ್ದ. ಬರೆಯುವವನು ಅವನನ್ನೇ ನಿನ್ನ ಹೆಸರೇನು ಎಂದು ಕೇಳಿದ, ಪರಮೇಶಪ್ಪ ತನ್ನ ಹೆಸರು ಹೇಳಿದ. ಕಾರ್ಡು ಕೈಗೆ ಬಂದು ಯಾರೋ ಓದಿ ಹೇಳಿದಾಗಲೇ ಗೊತ್ತಾಗಿದ್ದು, ಸರಕಾರದ ಲೆಕ್ಕದಲ್ಲಿ ಹಂಪಮ್ಮ ಪರಮೇಶಪ್ಪನ ಹೆಂಡತಿ.

ಪರಮೇಶಪ್ಪ ಅಂದಿನಿಂದ ಅವಳನ್ನು ಎಲ್ಲರಿಗೂ ಕೇಳುವಂತೆ "ತಂಗೆವ್ವಾ" ಎಂದು ಕರೆಯತೊಡಗಿದ. ಅವನ ಮನೆಯಲ್ಲೂ ಸ್ವಲ್ಪ ಬಿಸಿ ಮುಟ್ಟಿರಬೇಕು. ಕೂಲಿಯವರು ಸೇರುವ ಅಡ್ಡಾದಲ್ಲಿ ಯಾರಾದರೂ "ಪರಮೇಶಪ್ಪನ ಹೆಂಡತಿ ರೊಟ್ಟಿ ಕಟ್ಟ್ಯಾಳೇನೋ ಸೂಗ" ಎಂದು ಕೆಣಕಿದರೆ ಅವತ್ತು ಸೂಗಪ್ಪ ರೊಟ್ಟಿಯನ್ನು ಬಿಚ್ಚದೇ ತಿರುಗಿ ತರುತ್ತಿದ್ದ. ಅದು ಹಂಪಮ್ಮನಿಗೆ ನೋಡಲಾಗುತ್ತಿರಲಿಲ್ಲ. ತಿದ್ದಿಸಲು ಎರಡು ಸಲ ಹೋದಳು. ಮೇಜಿನವನು ಹುಷಾರಾಗಿದ್ದ. ಒಮ್ಮೆ ಬೇರೆಯವರ ಬಾಯಿಂದ ಕೇಳಿ ತಪ್ಪಾಗಿದೆ, ಈ ಸಲ ನೀನೇ ಬಾಯಿಬಿಟ್ಟು ಹೇಳಬೇಕು ಎಂದ. ಎರಡೂ ಸಲ ಹಂಪಮ್ಮನ ಬಾಯಿ ತೆರೆಯಿತು, ಹೆಸರು ಹೊರಬರಲಿಲ್ಲ. ಈ ವರ್ಷ ಕಾರ್ಡು ಹೊಸದು ಮಾಡಿಸಬೇಕಿತ್ತು. ಕೊನೆಯ ದಿನ ಒಂದು ಸೋಮವಾರ. ಅವತ್ತು ತಪ್ಪಿದರೆ ಇನ್ನೂ ಐದು ವರ್ಷ ಅವಳು ಪರಮೇಶಪ್ಪನ ಹೆಂಡತಿಯೇ.

ಅದೇ ಹೊತ್ತಿಗೆ, ಅವಳು ರೊಟ್ಟಿ ಕೊಡುವ ಮೂರನೇ ಮಹಡಿಯ ಮನೆಗೆ, ಊರಿನ ಇನ್ನೊಂದು ಮೂಲೆಯ ಕುಷಾಯಿಗೂಡದಿಂದ ಉಮಾಬಾಯಿ ಬಂದರು. ಆ ಮನೆ ಅವರ ಮಗ ವೈಭವನದು, ಅವರೂ ನಮ್ಮ ಕಡೆಯ ಕನ್ನಡದವರೇ. ಸೊಸೆ ಕಾವ್ಯಾಳಿಗೆ ಏಳು ತಿಂಗಳು, ಬರುವ ಭಾನುವಾರ ಕುಷಾಯಿಗೂಡದ ಮನೆಯಲ್ಲಿ ಕುಬಸ. ಸೊಸೆಗೆ ಒಂದು ಒಡಪು ಕಟ್ಟಿಕೊಡು ಹಂಪವ್ವ ಎಂದು ಉಮಾಬಾಯಿ ಕೇಳಿದರು. ಕಾವ್ಯಾಳಿಗೆ ನಗು ತಡೆಯಲಾಗಲಿಲ್ಲ. ದಿನಕ್ಕೆ ನೂರು ಸಲ ವೈಭವ್ ಎಂದು ಕೂಗುವವಳು ಅವಳು. ಆದರೂ ಅತ್ತೆಯ ಖುಷಿಗೆ ಒಪ್ಪಿದಳು. ಹಂಪಮ್ಮ ಎರಡನೆಯ ಪ್ರಶ್ನೆ ಕೇಳಿದಳು. ಕಾವ್ಯಾ ಸ್ವಲ್ಪ ಯೋಚಿಸಿ, ತನಗೆ ಅಂಥದ್ದೇನೂ ಉಳಿದಿಲ್ಲ ಎಂದಳು. ಓದಬೇಕೆಂದಿದ್ದಳು, ಓದಿದ್ದಳು. ಕೆಲಸ ಬೇಕೆಂದಿದ್ದಳು, ಸಿಕ್ಕಿತ್ತು. ಸ್ವಂತ ಮನೆಯೂ ಆಗಿತ್ತು.

ಹಂಪಮ್ಮ ಪೇಚಿಗೆ ಸಿಕ್ಕಳು. ಮೂರು ದಿನ ಗೋಡೆಗೆ ನೀರು ಹೊಡೆಯುತ್ತ ತಲೆ ಕೆರೆದುಕೊಂಡಳು. ಏನೂ ಉಳಿಯದ ಹೆಂಗಸನ್ನು ಅವಳು ಈವರೆಗೆ ಕಂಡಿರಲಿಲ್ಲ.

ನಾಲ್ಕನೆಯ ದಿನ ರೊಟ್ಟಿ ಕೊಡಲು ಹೋದಾಗ ಕಾವ್ಯಾ ಆಫೀಸಿನ ಗುರುತಿನ ಚೀಟಿಗಾಗಿ ಪರ್ಸನ್ನೆಲ್ಲ ಊಟದ ಮೇಜಿನ ಮೇಲೆ ಸುರುವಿ ಹುಡುಕುತ್ತಿದ್ದಳು. ಗಾಡಿ ಓಡಿಸುವ ಲೈಸನ್ಸು ಕೆಳಗೆ ಬಿತ್ತು. ಹಂಪಮ್ಮ ಎತ್ತಿ ಕೊಟ್ಟಳು, ಫೋಟೋ ನೋಡಿ ಆಗ ತೆಳ್ಳಗಿದ್ದೆಯಲ್ಲ ಎಂದಳು. ಅದು ನಾಲ್ಕು ವರ್ಷದ ಹಿಂದಿನದು ಎಂದು ಕಾವ್ಯಾ ಹೇಳಿದಳು. ಕಾರು ಮನೆಯಲ್ಲಿದೆ, ಆದರೆ ಒಂದು ದಿನವೂ ಓಡಿಸಿಲ್ಲ. ಇವತ್ತು ಟ್ರಾಫಿಕ್ ಜಾಸ್ತಿ, ಇವತ್ತು ಮಳೆ, ಇವತ್ತು ತಡವಾಗಿದೆ, ನಾನೇ ಓಡಿಸುತ್ತೇನೆ ಎಂದು ವೈಭವ ಪ್ರತಿ ಸಲವೂ ಚಾವಿ ತೆಗೆದುಕೊಳ್ಳುತ್ತಾನೆ. ಒಳ್ಳೆಯವನೇ, ಸುಮ್ಮನೆ ಹೆದರುತ್ತಾನೆ. ಹೇಳುತ್ತ ಹೇಳುತ್ತ ಕಾವ್ಯಾಳ ದನಿ ಸಣ್ಣದಾಯಿತು.

ಹಂಪಮ್ಮನ ಕಣ್ಣು ಮೇಜಿನ ಮೇಲಿದ್ದ ಮಾವಿನ ಉಪ್ಪಿನಕಾಯಿಯ ಭರಣಿಯ ಮೇಲೆ ನಿಂತಿತು. ಅಲ್ಲೇ ನಿಂತಲ್ಲೇ ಒಡಪು ಹುಟ್ಟಿತು. ಕಾವ್ಯಾ ಅದನ್ನು ಮೊಬೈಲಿನಲ್ಲಿ ಬರೆದುಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು: "ಹಂಪಮ್ಮಾರ, ಎಲ್ಲಾರಿಗೂ ಕೇಳ್ತೀರಿ. ನಿಮಗ ಉಳಿದಿದ್ದು ಏನ್ರಿ?"

ಈ ಪ್ರಶ್ನೆಯನ್ನು ಅವಳಿಗೆ ಈವರೆಗೆ ಯಾರೂ ತಿರುಗಿಸಿರಲಿಲ್ಲ. ಸೈಟಿಗೆ ಹೊತ್ತಾಗುತ್ತಿದ್ದರೂ ಹಂಪಮ್ಮ ಬಾಗಿಲ ಹತ್ತಿರ ಕೂತು ಸ್ಲ್ಯಾಬಿನ ದಿನದ ಮದುವೆ, ತಾಡಪತ್ರಿ, ಕಾರ್ಡು, ಸೋಮವಾರ ಎಲ್ಲವನ್ನೂ ನಗುನಗುತ್ತ ಹೇಳಿದಳು. ಕಾವ್ಯಾ ಕೇಳಿದಳು, ನಕ್ಕಳು. ಭಾನುವಾರ ಐವತ್ತು ರೊಟ್ಟಿ ಕುಷಾಯಿಗೂಡಕ್ಕೆ ತಂದುಕೊಡಿ, ಜೊತೆಗೆ ಯಜಮಾನರನ್ನೂ ಕರೆತನ್ನಿ, ಎಣ್ಣೆಗಾಯಿಯ ಪಾತ್ರೆ ಹೊರಲು ಬೇಕು ಎಂದಷ್ಟೇ ಹೇಳಿ ಕಳಿಸಿದಳು.

ಭಾನುವಾರ ಗಂಡ ಹೆಂಡತಿ ಎರಡು ಬಸ್ಸು ಹಿಡಿದು ಕುಷಾಯಿಗೂಡಕ್ಕೆ ಹೋದರು. ರೊಟ್ಟಿಯ ಬುಟ್ಟಿ ಹಿಡಿದು ಹಿತ್ತಲ ಬಾಗಿಲಿನಿಂದ ಅಡುಗೆಮನೆ ಸೇರಿದರು. ನಡುಮನೆಯಲ್ಲಿ ಕಾವ್ಯಾ ಹಸಿರು ಸೀರೆ, ಕೈ ತುಂಬ ಹಸಿರು ಬಳೆ ಹಾಕಿಕೊಂಡು ಕೂತಿದ್ದಳು. ಹೆಸರು ಹೇಳು ಎಂದು ಹೆಂಗಸರೆಲ್ಲ ಗಂಟು ಬಿದ್ದರು. ಹಂಪಮ್ಮ ಅಡುಗೆಮನೆಯ ಮರೆಯಲ್ಲಿ ಕಿವಿಗೊಟ್ಟು ನಿಂತಳು. ಕಾವ್ಯಾ ಒಂದು ಅಕ್ಷರ ತಪ್ಪದೆ ಹೇಳಿದಳು:

ನಾಕು ವರ್ಷದ ಲೈಸನ್ಸ ನನ್ನ ಪರ್ಸಿನ್ಯಾಗ ಉಪ್ಪಿನಕಾಯಾಗೇತಿ,
ವೈಭವರಾಯರು ಚಾವಿ ಕೊಟ್ಟರ ಬಾಳಿಗೆ ರುಚಿ ಬರತೇತಿ.

ಮೊದಲು ನಕ್ಕವರು ಉಮಾಬಾಯಿ. ನೆಲ ತಟ್ಟಿ ತಟ್ಟಿ ನಕ್ಕರು. ಆಮೇಲೆ ಮಗನ ಕಡೆ ತಿರುಗಿ, "ನಾಕು ವರ್ಷ ಏನೋ ವೈಭವಾ? ನಾ ಉಪ್ಪಿನಕಾಯಿನೂ ಇಷ್ಟ ದಿನಾ ಇಡಂಗಿಲ್ಲಲ್ಲೋ" ಎಂದರು. ವೈಭವ ಕೆಂಪಗಾಗಿ ಜೇಬಿನಿಂದ ಚಾವಿ ತೆಗೆದು ಹೆಂಡತಿಯ ಉಡಿಗೆ ಹಾಕಿದ.

ಅದೇ ನಗುವಿನ ನಡುವೆ, ಆರತಿ ಮಾಡಲು ಹಂಪವ್ವನನ್ನು ಕರೆಯಿರಿ ಎಂದು ಉಮಾಬಾಯಿ ಕೂಗಿದರು. ಹಂಪಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಟಳು. ಹಿಂದೆ ಎಣ್ಣೆಗಾಯಿಯ ಪಾತ್ರೆ ಹಿಡಿದು ಸೂಗಪ್ಪ ಬರುತ್ತಿದ್ದ. ನಡುಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಕಾವ್ಯಾ ಎದ್ದು ಬಂದು ಹಸಿರು ಬಳೆಯ ಕೈಯನ್ನು ಚೌಕಟ್ಟಿಗೆ ಅಡ್ಡ ಇಟ್ಟಿದ್ದಳು. ಅವಳ ಹಿಂದೆ ಹತ್ತಿಪ್ಪತ್ತು ಹೆಂಗಸರು.

"ಹೆಸರು ಹೇಳ್ರಿ ಹಂಪಮ್ಮಾರ. ಹೇಳದ ಒಳಗ ಬಿಡಂಗಿಲ್ಲ."

ಹಂಪಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ತನ್ನದೆನ್ನುವ ಒಂದು ಒಡಪೂ ನೆನಪಾಗಲಿಲ್ಲ. ನೆನಪಾದದ್ದೆಲ್ಲ ಯಾರದೋ. ಸಿಮೆಂಟನ್ನು ಹುಲಗೇಶನ ಹೆಂಡತಿಗೆ ಕೊಟ್ಟಾಗಿತ್ತು, ಉಪ್ಪಿನಕಾಯಿಯನ್ನು ಕಾವ್ಯಾಳಿಗೆ ಕೊಟ್ಟಾಗಿತ್ತು, ಮದುವೆ ದಿನದ್ದನ್ನು ಎಂದೋ ಕೊಟ್ಟಾಗಿತ್ತು. ಒಳ್ಳೊಳ್ಳೆಯ ಹೋಲಿಕೆಗಳನ್ನೆಲ್ಲ ಹಂಚಿಬಿಟ್ಟು ತಾನು ಬರಿಗೈಯಲ್ಲಿ ನಿಂತಿದ್ದಳು. ಹಿಂದೆ ಅಡುಗೆಮನೆಯಿಂದ ಬಂದು ನೆರೆದವರಲ್ಲಿ ಒಬ್ಬಳು, ಮಂದಿಗೆ ಹೇಳಿಕೊಡಾಕ ಬರತೈತಿ, ತನಗ ಬರಂಗಿಲ್ಲ ಎಂದು ಚುಚ್ಚಿದಳು. ಸೂಗಪ್ಪನಿಗೆ ಹಿಂದೆ ಹೋಗಲು ದಾರಿಯಿಲ್ಲ, ಪಾತ್ರೆ ಇಳಿಸಲು ಜಾಗವಿಲ್ಲ. ಅವನು ಪಾತ್ರೆಯಲ್ಲಿದ್ದ ಬದನೆಕಾಯಿಗಳನ್ನೇ ಎಣಿಸುವವನಂತೆ ತಲೆ ತಗ್ಗಿಸಿ ನಿಂತ.

ಹಂಪಮ್ಮ ನೆಲ ನೋಡಿದಳು. ಅವಳ ಕಾಲ್ಬೆರಳ ಮುಂದೆ ಅರಿಷಿಣ ಕುಂಕುಮ ಹಚ್ಚಿದ ಹೊಸ್ತಿಲಿತ್ತು. ಎಷ್ಟು ಚೌಕಟ್ಟುಗಳನ್ನು ಎಷ್ಟು ಮಹಡಿಗೆ ಹೊತ್ತಿದ್ದಳೋ ಅವಳಿಗೇ ಲೆಕ್ಕವಿಲ್ಲ. ಅವೆಲ್ಲ ಬೇರೆಯವರ ಬಾಗಿಲುಗಳು. ಅವಳೇ ಹೇಳಿಕೊಡುತ್ತಿದ್ದಳಲ್ಲ, ಕೈಯಿಂದ ಮುಟ್ಟಿದ್ದನ್ನು ಹೇಳು ಎಂದು. ಬಗ್ಗಿ ಹೊಸ್ತಿಲನ್ನು ಮುಟ್ಟಿದಳು, ನೆಟ್ಟಗೆ ನಿಂತಳು. ಹೇಳುತ್ತ ಹೇಳುತ್ತ ದನಿ ಗಟ್ಟಿಯಾಯಿತು:

ನೂರು ಮನಿ ಬಾಗಲಾ ಹೊತ್ತೀನಿ ತಲಿ ಮ್ಯಾಲ,
ಯಾರೂ ತಡದಿದ್ದಿಲ್ಲ ನನ್ನ ಹೊಸ್ತಿಲ ಮ್ಯಾಲ,
ಇಪ್ಪತ್ತೇಳು ವರ್ಷ ಹೆಸರ ಮಲಗಿತ್ತ ನಾಲಿಗಿ ಮ್ಯಾಲ,

ಇಲ್ಲಿ ನಿಂತಳು. ಎಲ್ಲರೂ ಕಾದರು. ಸೂಗಪ್ಪ ತಲೆಯೆತ್ತಿದ. ಹಂಪಮ್ಮನ ತುಟಿಯ ಮೂಲೆಯಲ್ಲಿ ನಗು ಬಂತು.

ನಾಳಿಂದ ಸೂಗಪ್ಪನವರು ಚಾ ಇಡಬೇಕು ಒಲಿ ಮ್ಯಾಲ.

ಕಾವ್ಯಾ ಕೈ ತೆಗೆದದ್ದು ಯಾರಿಗೂ ಕಾಣಲಿಲ್ಲ, ಅಷ್ಟು ನಗು, ಅಷ್ಟು ಗದ್ದಲ. ಉಮಾಬಾಯಿ ಗದ್ದಲ ನಿಲ್ಲಿಸಿ ಸೂಗಪ್ಪನನ್ನು ನೇರವಾಗಿ ಕೇಳಿದರು, ಏನಂತೀಯಪ್ಪ ಎಂದು. ಇಪ್ಪತ್ತೇಳು ವರ್ಷದ ಮೇಲೆ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿದ ಸೂಗಪ್ಪ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಸರಿಸಿ, "ಸಕ್ಕರಿ ಎಷ್ಟ ಹಾಕಬೇಕಂತ ಕೇಳ್ರಿ ಬಾಯಾರ" ಎಂದ.

ಸೋಮವಾರ ಬೆಳಿಗ್ಗೆ ಅವರ ಮನೆಯಿಂದ ಹಾಲು ಉಕ್ಕಿದ ಕಮರು ವಾಸನೆ ಓಣಿಯೆಲ್ಲ ಹರಡಿತ್ತು. ಚಹಾ ಕುಡಿದು ಇಬ್ಬರೂ ಕಾರ್ಡಿನ ಮೇಜಿಗೆ ಹೋದರು. ಸಾಕ್ಷಿಗೆ ಇರಲಿ ಎಂದು ಪರಮೇಶಪ್ಪನೂ ಜೊತೆಗೆ ಬಂದಿದ್ದ, ಆದರೆ ಈ ಸಲ ಸಾಲಿನಿಂದ ಹತ್ತು ಮಾರು ದೂರ ನಿಂತಿದ್ದ. ಬರೆಯುವವನು ಕೇಳುವ ಮೊದಲೇ ಹಂಪಮ್ಮ ಗಂಡನ ಹೆಸರು ಹೇಳಿದಳು. ಅವನು ಬರೆದ. ಅವಳು ಇನ್ನೊಮ್ಮೆ ಹೇಳಿದಳು. ಬರೆದೆನಮ್ಮ ಎಂದ. ಗೊತ್ತಾತ್ರಿ, ಸುಮ್ಮನ ಹೇಳಿದೆ ಎಂದಳು.

ಕಾವ್ಯಾ ಅದೇ ಭಾನುವಾರ ಸಂಜೆ ಕುಷಾಯಿಗೂಡದ ಖಾಲಿ ಬೀದಿಯಲ್ಲಿ ನಿಧಾನವಾಗಿ ಎರಡು ಸುತ್ತು ಕಾರು ಓಡಿಸಿದಳಂತೆ. ಇದು ನಾನು ನೋಡಿದ್ದಲ್ಲ, ಹಂಪಮ್ಮ ಹೇಳಿದ್ದು. ಚಹಾದ ವಿಷಯ ಮಾತ್ರ ನಾನೇ ನೋಡುತ್ತಿದ್ದೇನೆ. ಒಂದೂವರೆ ತಿಂಗಳಾಯಿತು, ಸೂಗಪ್ಪ ಎರಡು ದಿನ ಬಿಟ್ಟು ಉಳಿದೆಲ್ಲ ದಿನ ಇಟ್ಟಿದ್ದಾನೆ. ಆ ಎರಡು ದಿನ ಅವನಿಗೆ ಜ್ವರ ಇತ್ತು.

ಹಂಪಮ್ಮನ ಒಡಪುಗಳಲ್ಲಿ ನನಗೆ ಸಿಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ, ಈವರೆಗೆ ನಲವತ್ತೊಂದು ಆಗಿವೆ. ನಾಳೆ ಸಂಜೆ ಈ ಬರಹವನ್ನು ಅವಳಿಗೆ ಪೂರ್ತಿ ಓದಿ ಹೇಳುತ್ತೇನೆ, ಅವಳು ಬೇಡ ಎಂದ ಸಾಲನ್ನು ಹೊಡೆದುಹಾಕಿ ಇನ್ನೊಮ್ಮೆ ನೀಟಾಗಿ ಬರೆಯುತ್ತೇನೆ, ಶನಿವಾರ ಅಬಿಡ್ಸಿನ ಅಂಚೆ ಕಚೇರಿಗೆ ಹೋಗಿ ನಿಮ್ಮ ವಿಳಾಸಕ್ಕೆ ಕಳಿಸುತ್ತೇನೆ.